ಒಂಬತ್ತನೆಯ ದಿನದ ಚಿತ್ರ

ಬಹಳ ವರ್ಷಗಳ ತನಕ ನನ್ನ ಪಾಲಿಗೆ ಕೂಸುಗಳೆಂದರೆ ಬರೀ ಮೂಗು. ಹುಟ್ಟಿ ನಾಲ್ಕೈದು ದಿನವಾದ ಕೂಸಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಕಿವಿಗೆ ಅರಳೆ ಇಟ್ಟು, ಅದರ ಮೇಲೊಂದು ಮೆತ್ತನೆಯ ಮುಚ್ಚಳ ಕಟ್ಟಿ, ಬಿಳಿ ಬಟ್ಟೆಯಲ್ಲಿ ಅಲುಗಾಡದಂತೆ ಸುತ್ತುತ್ತಿದ್ದರು. ನಿದ್ದೆ ಹತ್ತಿದ ಮೇಲೆ ಎಂಆರ್‌ಐ ಯಂತ್ರದ ಸುರಂಗದೊಳಕ್ಕೆ ಮೆಲ್ಲಗೆ ಸರಿಸುತ್ತಿದ್ದರು. ಗಾಜಿನ ಈಚೆ ಕುಳಿತ ನನಗೆ ಕಾಣುತ್ತಿದ್ದುದು ಬಟ್ಟೆಯ ಗಂಟಿನ ತುದಿಯಲ್ಲೊಂದು ಗುಂಡು ಮೂಗು, ಅಷ್ಟೇ. ಆ ಮೂಗಿನ ಹಿಂದಿನ ಮಿದುಳನ್ನು ಮಾತ್ರ ಪದರ ಪದರವಾಗಿ ನೋಡುತ್ತಿದ್ದೆ. ಹೆತ್ತ ತಾಯಿಗೂ ಕಾಣದ್ದು ನನಗೆ ಕಾಣುತ್ತದೆ ಎಂಬ ಜಂಬ ಆಗ ನನಗಿತ್ತು. ಸಣ್ಣದೇನಲ್ಲ, ದೊಡ್ಡದೇ ಇತ್ತು.

ಹುಟ್ಟಿದಾಗ ಅಳದ ಮಕ್ಕಳನ್ನು ಸುತ್ತಲಿನ ಊರುಗಳಿಂದಲೂ ನಮ್ಮ ಆಸ್ಪತ್ರೆಗೆ ತರುತ್ತಿದ್ದರು. ಹೆರಿಗೆ ತಡವಾಗಿಯೋ, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಯೋ, ಕೆಲವು ನಿಮಿಷ ಉಸಿರು ಸಿಗದೆ ನೀಲಿಗಟ್ಟಿದ ಮಕ್ಕಳು. ಬದುಕಿ ಉಳಿದವುಗಳಲ್ಲಿ ಯಾವುದು ಮುಂದೆ ಎಲ್ಲರಂತೆ ಓಡಾಡೀತು, ಯಾವುದರ ಕೈಕಾಲು ಹೇಳಿದ ಮಾತು ಕೇಳಲಾರದು ಎಂಬುದು ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಿದರೆ ತಿಳಿಯುವುದಿಲ್ಲ. ಮಿದುಳಿನ ಚಿತ್ರ ನೋಡಿ ಅದನ್ನು ಮೊದಲೇ ಹೇಳಬಹುದೇ ಎಂಬುದು ನಮ್ಮ ಹಿರಿಯ ವೈದ್ಯರಾದ ಡಾಕ್ಟರ್ ಮುನವಳ್ಳಿಯವರು ಕೈಗೆತ್ತಿಕೊಂಡಿದ್ದ ಅಧ್ಯಯನ. ಅಂಥ ಪ್ರತಿ ಕೂಸಿಗೂ ಐದನೆಯ ದಿನ ಚಿತ್ರ. ಆಮೇಲೆ ಎರಡು ವರ್ಷ ತುಂಬುವ ತನಕ ಆರು ತಿಂಗಳಿಗೊಮ್ಮೆ ಬೆಳವಣಿಗೆಯ ಪರೀಕ್ಷೆ. ಚಿತ್ರ ಓದುವವಳು ನಾನು. ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಉರುಳಿಸಿ, ಗಿಲಕಿ ತೋರಿಸಿ ಪರೀಕ್ಷೆ ಮಾಡುವವಳು, ಬೇಕಾದವರಿಗೆ ವ್ಯಾಯಾಮ ಮಾಡಿಸುವವಳು ಫಿಲೋಮಿನಾ ಎಂಬ ಗಟ್ಟಿ ದನಿಯ ಹೆಂಗಸು.

ಇದರಲ್ಲೊಂದು ಕಟ್ಟುನಿಟ್ಟು ಇತ್ತು. ಚಿತ್ರದಲ್ಲಿ ಏನು ಕಂಡಿತೆಂದು ಫಿಲೋಮಿನಾಗೆ ತಿಳಿಯಕೂಡದು. ತಿಳಿದರೆ ಕೂಸನ್ನು ನೋಡುವ ಕಣ್ಣು ಬದಲಾಗುತ್ತದೆ. ಹಾಗೆಯೇ ಯಾರ ಕೂಸಿನ ಚಿತ್ರ ನೋಡುತ್ತಿದ್ದೇನೆಂದು ನನಗೂ ತಿಳಿಯಕೂಡದು. ಅದಕ್ಕಾಗಿ ಫಿಲ್ಮಿನ ಮೂಲೆಯಲ್ಲಿ ತಾಯಿಯ ಹೆಸರು, ತಾರೀಖು ಇರುವ ಜಾಗಕ್ಕೆ ಕರಿ ಕಾಗದದ ಪಟ್ಟಿ ಅಂಟಿಸಿ, ಹತ್ತು ಹತ್ತರ ಕಟ್ಟು ಮಾಡಿ ನನ್ನ ಮೇಜಿಗೆ ಕಳಿಸುತ್ತಿದ್ದರು. ನಾನು ಷರಾ ಬರೆದು ಸಹಿ ಹಾಕಿದ ಮೇಲೆಯೇ ಪಟ್ಟಿ ಕೀಳುವುದು. ಈ ಏರ್ಪಾಟಿನ ಬಗ್ಗೆ ನಾನು ಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ನಿಂಬೆವ್ವನನ್ನು ನಾನು ಮೊದಲು ನೋಡಿದ್ದು ಅವಳ ಮೊಮ್ಮಗ ಹುಟ್ಟಿದ ನಾಲ್ಕನೆಯ ದಿನ. ನನ್ನ ಕೋಣೆಯ ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ನಡುವಿಗೆ ಸೆರಗು ಸಿಕ್ಕಿಸಿ ನಿಂತಿದ್ದಳು. ಜಗಳಕ್ಕೇ ಬಂದವಳೆಂದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವಳ ಹಿಂದೆ, ಇನ್ನೂ ಸರಿಯಾಗಿ ನಿಲ್ಲಲಾರದೆ ಗೋಡೆ ಹಿಡಿದುಕೊಂಡು ಅವಳ ಮಗಳು, ಬಾಣಂತಿ ಕಸ್ತೂರಿ.

“ನಾಳೆ ನಮ್ಮ ಕೂಸಿನ್ನ ಆ ಯಂತ್ರದಾಗ ಹಾಕಾಂಗಿಲ್ರಿ,” ಎಂದಳು ನಿಂಬೆವ್ವ. “ನಾಳೆ ಐದೇಶಿ. ಸಟವಿ ಬರೂ ದಿನ.”

ಐದನೆಯ ರಾತ್ರಿ ಸಟವಿತಾಯಿ ಬಂದು ಕೂಸಿನ ಹಣೆಯ ಮೇಲೆ ಅದರ ಬಾಳನ್ನೆಲ್ಲ ಬರೆದು ಹೋಗುತ್ತಾಳೆಂಬ ನಂಬಿಕೆ ನನಗೂ ಗೊತ್ತಿತ್ತು. ನಮ್ಮ ಕಡೆಯೂ ಕೂಸಿನ ತಲೆದೆಸೆಯಲ್ಲಿ ಒಂದು ಬಿಳಿ ಹಾಳೆ, ಒಂದು ಲೇಖನಿ ಇಡುತ್ತಾರೆ. ಹುಟ್ಟುವಾಗಲೇ ಸಾವಿನ ಕದ ತಟ್ಟಿ ಬಂದ ಈ ಕೂಸಿಗೆ ವಾರ್ಡಿನಲ್ಲೇ, ತೊಟ್ಟಿಲ ಪಕ್ಕದಲ್ಲೇ ಹಾಳೆ ಇಡಲು ನರ್ಸಮ್ಮನನ್ನು ಆಗಲೇ ಒಪ್ಪಿಸಿಕೊಂಡು ಬಂದಿದ್ದಳು ನಿಂಬೆವ್ವ.

“ಅವ್ವಾ, ಸುಮ್ಮಿರು,” ಎಂದಳು ಕಸ್ತೂರಿ ನಾಚಿಕೊಂಡು. “ಡಾಕ್ಟರ್ ಮುಂದ ಎಂಥಾ ಮಾತದು?”

“ಇದ್ದ ಮಾತು ಹೇಳಾಕ ಎಂಥಾ ನಾಚಿಕಿ? ಬಾಯಾರ, ನೀವs ಹೇಳ್ರಿ. ಆಕಿ ಬರಿಯೂಕಿಂತ ಮೊದಲ ನೀವು ಓದಾಕ ಕುಂತ್ರ, ಆಕಿ ಏನ ಬರದಾಳು?”

ನನಗೆ ನಗು ಬಂತು. ಆ ಮಾತು ನನಗೆ ಬಹಳ ಇಷ್ಟವೂ ಆಯಿತು. ಆರನೆಯ ದಿನ ಭಾನುವಾರ, ಮುಂದಿನ ಎರಡು ದಿನ ಯಂತ್ರದ ದುರಸ್ತಿ. ಪುಸ್ತಕ ತಿರುವಿ ಹಾಕಿ, ಒಂಬತ್ತನೆಯ ದಿನಕ್ಕೆ ಸಮಯ ಬರೆದೆ. ಮುನವಳ್ಳಿಯವರನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಹಿರಿಯ ಜೀವದ ಮನಸ್ಸು ನೋಯಿಸದೆ ಕೆಲಸ ಸಾಗಿಸಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಆ ಸಂಗತಿಯನ್ನು ಅಲ್ಲಿಗೇ ಮರೆತೆ.

ಒಂಬತ್ತನೆಯ ದಿನ ಗಾಜಿನಾಚೆ ಇನ್ನೊಂದು ಮೂಗು ಬಂದು ಹೋಗಿರಬೇಕು. ಯಾರ ಮೂಗೆಂದು ಕೇಳುವುದು ನಿಯಮಕ್ಕೆ ವಿರುದ್ಧವಾದ್ದರಿಂದ ನಾನು ಕೇಳಲಿಲ್ಲ.

ಮೂರು ವಾರದ ಮೇಲೆ ಹತ್ತು ಚಿತ್ರಗಳ ಕಟ್ಟು ನನ್ನ ಮೇಜಿಗೆ ಬಂತು. ಕರಿ ಪಟ್ಟಿ ಅಂಟಿಸಿಕೊಂಡ ಹತ್ತು ಫಿಲ್ಮು. ಉಸಿರು ಸಿಗದೆ ಪೆಟ್ಟು ತಿಂದ ಭಾಗ ಐದನೆಯ ದಿನದ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದಕ್ಕಿಂತ ಮೊದಲು ನಾನು ಓದಿದ್ದ ನಲವತ್ತು ಚಿತ್ರಗಳಲ್ಲೂ ಆ ಹೊಳಪನ್ನೇ ಹುಡುಕಿದ್ದೆ. ಇದ್ದರೆ ಪೆಟ್ಟು, ಇಲ್ಲದಿದ್ದರೆ ಸಹಜ. ಅವತ್ತಿನ ಏಳನೆಯದೋ ಎಂಟನೆಯದೋ ಚಿತ್ರದಲ್ಲಿ ಹೊಳಪು ಎಲ್ಲೂ ಇರಲಿಲ್ಲ. ‘ಸಹಜ’ ಎಂದು ಬರೆದು ಸಹಿ ಹಾಕಿದೆ. ಪಟ್ಟಿ ಕಿತ್ತಾಗ ‘ಕಸ್ತೂರಿಯ ಕೂಸು’ ಎಂದಿತ್ತು. ಜಗಳಗಂಟಿ ಅಜ್ಜಿಯ ನೆನಪಾಗಿ ಖುಷಿಯಾಯಿತು. ಹೆಸರಿನ ಕೆಳಗೇ ತಾರೀಖೂ ಇತ್ತು. ಅದರ ಮೇಲೆ ಕಣ್ಣು ಆಡಿರಲಿಕ್ಕೂ ಸಾಕು.

ಆ ಕಾಗದವನ್ನು ಕಸ್ತೂರಿಯ ಕೈಗೆ ನಾನೇ ಕೊಟ್ಟೆ. ಕಸ್ತೂರಿ ಕೋರ್ಟಿನಲ್ಲಿ ಟೈಪಿಸ್ಟ್. ಬಾಯಿಮಾತಿಗೆ ಬೆಲೆಯಿಲ್ಲ, ಸಹಿ ಶಿಕ್ಕಾ ಬಿದ್ದದ್ದೇ ನಿಜ ಎಂಬ ಕಡೆ ದಿನವಿಡೀ ಕೂತು ಕೆಲಸ ಮಾಡುವವಳು. ಅವಳು ಆ ಒಂದು ಪದವನ್ನು ಎಷ್ಟು ಸಲ ಓದಿದಳೋ. ಕಡೆಗೆ ಅಲ್ಲಿಯೇ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನೊಂದು ಫೈಲಿನಲ್ಲಿಟ್ಟು ಎದೆಗವಚಿಕೊಂಡು ಹೋದಳು. ಕೂಸಿಗೆ ಚಿದಾನಂದ ಎಂದು ಹೆಸರಿಟ್ಟರೆಂದು ಪೇಡೆ ಬಂತು.

ಕೂಸಿಗೆ ಐದು ತಿಂಗಳಾದಾಗ ನಿಂಬೆವ್ವ ಮತ್ತೆ ನನ್ನ ಬಾಗಿಲಿಗೆ ಬಂದಳು. ಈ ಸಲ ಒಬ್ಬಳೇ. ಜಗಳದ ಠೀವಿ ಇರಲಿಲ್ಲ. ಮಗಳಿಗೆ ಹೇಳದೆ ಬಂದಿದ್ದೇನೆ ಎಂದಳು.

“ನಮ್ಮ ಓಣ್ಯಾಗ ಯಾರ ಹಡದ್ರೂ ಕೂಸಿಗೆ ನೀರು ಹಾಕಾಕ ನನ್ನs ಕರೀತಾರ್ರಿ. ಈ ಎರಡೂ ಕಾಲ ಮ್ಯಾಲ ಎಪ್ಪತ್ತು ಕೂಸು ಎರದೀನಿ. ಬಿಸಿನೀರು ಬಿದ್ದ ಕೂಡ್ಲೆ ಎಂಥಾ ಕೂಸಾದ್ರೂ ಬೆಣ್ಣಿ ಆಗತೈತಿ. ಇದು ಆಗವಲ್ದು. ಹಿಂದಕ್ಕ ಸೆಟಗೊಂಡು ಬಾಗತೈತಿ. ಹೆಬ್ಬಟ್ಟ ಮುಷ್ಟಿಯೊಳಗ ಹಿಡಕೊಂಡಿದ್ದು ಬಿಡೂದಿಲ್ಲ. ಏನೋ ಆಗೇತ್ರಿ ಇದಕ್ಕ.”

“ಕಸ್ತೂರಿ ಏನಂತಾಳೆ?”

“ಆಕಿ ಫೈಲ್ ತಂದು ಮಾರಿಗೆ ಹಿಡೀತಾಳ. ಬಂಗಾರದಂಥಾ ಕೂಸಿನ ಮ್ಯಾಲ ಅಪಶಕುನ ಆಡಬ್ಯಾಡ ಅಂತಾಳ. ನನ್ನ ಕೂಡ ಮಾತು ಬಿಟ್ಟು ಎಂಟು ದಿನ ಆತು.”

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. “ಅಜ್ಜಿ, ನೀವು ಹೊರಗಿನಿಂದ ಮುಟ್ಟಿ ನೋಡಿ ಹೇಳ್ತೀರಿ. ನಾವು ಒಳಗೇ ನೋಡಿದ್ದೀವಿ. ಸುಮ್ಮನೆ ಮಗಳ ಜೀವ ತಿನ್ನಬೇಡಿ,” ಎಂದೆ.

“ಒಳಗ ನೋಡೀರಿ, ಖರೆ. ಒಂದ ಸಲ ಕೂಸಿನ್ನೂ ನೋಡ್ರಲಾ,” ಎಂದಳು ನಿಂಬೆವ್ವ. ಅದು ಫಿಲೋಮಿನಾ ಅವರ ಕೆಲಸವೆಂದೂ ಆರು ತಿಂಗಳ ಪರೀಕ್ಷೆ ಹೇಗೂ ಹತ್ತಿರ ಬಂತಲ್ಲವೆಂದೂ ಹೇಳಿ ಸಾಗಹಾಕಿದೆ.

ಆರು ತಿಂಗಳ ಪರೀಕ್ಷೆಯಲ್ಲಿ ಫಿಲೋಮಿನಾ ಕೂಸು ಹಿಂದುಳಿದಿದೆ ಎಂದು ಬರೆದಳು. ದಿನಕ್ಕೆ ಮೂರು ಸಲ ಕೈಕಾಲು ಬಿಡಿಸುವ ವ್ಯಾಯಾಮ ಹೇಳಿಕೊಟ್ಟಳು. ಬಿಗಿದ ಕಾಲನ್ನು ಬಿಡಿಸಲು ಹೋದರೆ ಕೂಸು ಕಿಟಾರನೆ ಕಿರುಚುತ್ತಿತ್ತು. ಹದಿನೈದು ದಿನ ಹಲ್ಲು ಕಚ್ಚಿ ಮಾಡಿಸಿದ ಕಸ್ತೂರಿ, ಒಂದು ಮಧ್ಯಾಹ್ನ ಕೋರ್ಟಿನಿಂದ ನೇರವಾಗಿ ನನ್ನ ಬಳಿಗೆ ಬಂದಳು. ಫೈಲು ಕೈಯಲ್ಲೇ ಇತ್ತು.

“ಮ್ಯಾಡಂ, ನೀವು ಸಹಜ ಅಂತ ಬರದೀರಿ. ಅವರು ಸಹಜ ಇಲ್ಲ ಅಂತಾರ. ನನ್ನ ಕೂಸಿನ್ನ ದಿನಾ ಮೂರು ಹೊತ್ತು ಹಿಂಗ ಅಳಸ್ಲಿಕ್ಕ ನನ್ನ ಕಡೆ ಆಗವಲ್ದು. ಯಾರ ಮಾತು ಕೇಳ್ಲಿ ನಾನು?”

ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಾನು ಒಂದು ಮಾತು ಹೇಳಿದರೆ ಅವಳಿಗೆ ನೆಮ್ಮದಿಯಾಗುವುದೆಂದು ನನಗೆ ಗೊತ್ತಿತ್ತು, ಹೇಳಿಬಿಟ್ಟೆ. “ಚಿತ್ರ ಸರಿ ಇದೆ. ಕೆಲವು ಮಕ್ಕಳು ನಿಧಾನ. ಸ್ವಲ್ಪ ಕಾದು ನೋಡಿ.”

ಕಸ್ತೂರಿ ಕಾದಳು. ವ್ಯಾಯಾಮ ನಿಂತಿತು. ವರ್ಷದ ಪರೀಕ್ಷೆಗೆ ಅವಳು ಬರಲೇ ಇಲ್ಲ.

ಚಿದಾನಂದನಿಗೆ ಹದಿನಾಲ್ಕು ತಿಂಗಳಾದಾಗ ಫಿಲೋಮಿನಾ ಒಂದು ಬೆಳಿಗ್ಗೆ ನನ್ನ ಕೋಣೆಗೆ ನುಗ್ಗಿ ಬಂದಳು. ಪರೀಕ್ಷೆ ತಪ್ಪಿಸಿದ ಮಕ್ಕಳನ್ನು ಹುಡುಕಿಕೊಂಡು ಹಿಂದಿನ ದಿನ ಅವಳು ಕಸ್ತೂರಿಯ ಮನೆಗೆ ಹೋಗಿದ್ದಳು.

“ಆ ಹುಡುಗ ಇನ್ನೂ ಕುತ್ತಿಗಿ ನಿಲ್ಲಸೂದಿಲ್ರಿ. ಕುಂದರೂದು ದೂರ ಹೋಗ್ಲಿ. ಎರಡೂ ಕಾಲು ಕತ್ರಿಯಂಗ ಒಂದರ ಮ್ಯಾಲ ಒಂದು ಹಾಯತಾವ. ಆದ್ರ ಕಣ್ಣು ನೋಡ್ರಿ ಅವಂದು! ನಾ ಒಳಗ ಬಂದಾಗಿಂದ ನನ್ನ ಕೈಯಾಗಿನ ಗಿಲಕಿ ಬಿಟ್ಟು ಕಣ್ಣು ಕದಲಸ್ಲಿಲ್ಲ. ಬೇಕು ಅವಂಗ ಅದು. ಕೈ ಚಾಚಾಕ ಹೋದ್ರ ಕೈ ಹಿಂದಕ್ಕ ಹೋಗತೈತಿ. ಎಂಟು ತಿಂಗಳು ವ್ಯಾಯಾಮ ಬಿಡಸ್ಯಾರ. ಯಾರೋ ಕಾದು ನೋಡ್ರಿ ಅಂದ್ರಂತ.” ಯಾರೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. “ಚಿತ್ರದಾಗ ಏನೈತಿ ಅಂತ ನನಗ ಹೇಳಬ್ಯಾಡ್ರಿ, ನಿಯಮ ನಿಯಮಾನ. ನೀವು ಮತ್ತೊಮ್ಮೆ ನೋಡ್ರಿ, ಅಷ್ಟ.”

ಅವಳು ಹೋದ ಮೇಲೆ ಕಪಾಟಿನಿಂದ ಫಿಲ್ಮು ತೆಗೆಸಿದೆ. ಮೂಲೆಯಲ್ಲಿ ಪಟ್ಟಿ ಅಂಟಿಸಿದ್ದ ಗೋಂದಿನ ಕಲೆ ಇನ್ನೂ ಇತ್ತು. ಅದರ ನಡುವೆ ತಾರೀಖು. ಕಡತದಲ್ಲಿ ಹುಟ್ಟಿದ ದಿನ ನೋಡಿ ಬೆರಳು ಮಡಚಿ ಎಣಿಸಿದೆ. ಒಂಬತ್ತು. ಎಣಿಕೆಯೇ ತಪ್ಪಿರಲಪ್ಪಾ ಎಂದುಕೊಳ್ಳುತ್ತ ಮತ್ತೊಮ್ಮೆ ಎಣಿಸಿದೆ.

ಪೆಟ್ಟು ತಿಂದ ಭಾಗದ ಹೊಳಪು ಮೊದಲ ವಾರ ಮಾತ್ರ ಜೋರಾಗಿರುತ್ತದೆ. ವಾರ ದಾಟುತ್ತಿದ್ದಂತೆ ಅದು ತಾನಾಗಿ ಇಳಿದು, ಕೆಲವು ದಿನ ಚಿತ್ರ ಏನೂ ಆಗಿಲ್ಲದಂತೆ ಕಾಣುತ್ತದೆ. ಒಳಗೆ ಆದದ್ದು ಆಗಿಯೇ ಇರುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗೂ ಇಲ್ಲ. ಓದಿದ್ದೆ, ಕಿರಿಯರಿಗೆ ಪಾಠವನ್ನೂ ಮಾಡಿದ್ದೆ. ಅಂಥ ದಿನಗಳ ಚಿತ್ರವಾದರೆ ಹೊಳಪು ಹುಡುಕುವುದನ್ನು ಬಿಟ್ಟು ಬೇರೆಯದನ್ನು ನೋಡಬೇಕು. ತಿಂಗಳು ತುಂಬಿ ಹುಟ್ಟಿದ ಕೂಸಿನ ಮಿದುಳಿನ ಆಳದಲ್ಲಿ, ಕೈಕಾಲಿಗೆ ಅಪ್ಪಣೆ ಹೊತ್ತೊಯ್ಯುವ ನರಗಳ ದಾರಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಸಣ್ಣ ಬಿಳಿ ಗೆರೆ ಮೂಡಿರಬೇಕು. ಅದನ್ನು ತೋರಿಸುವ ಇನ್ನೊಂದು ಬಗೆಯ ಚಿತ್ರವೂ ಅದೇ ಲಕೋಟೆಯಲ್ಲಿತ್ತು. ತೆಗೆದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಗೆರೆ ಎರಡು ಕಡೆಯೂ ಇರಲಿಲ್ಲ. ಹದಿನಾಲ್ಕು ತಿಂಗಳಿಂದ ಅದು ಅಲ್ಲಿ ಇರಲಿಲ್ಲ, ಇಲ್ಲದ್ದನ್ನು ನಾನು ನೋಡಿರಲಿಲ್ಲ. ಫಿಲ್ಮನ್ನು ಮತ್ತೆ ಲಕೋಟೆಗೆ ಹಾಕಿ ಮುನವಳ್ಳಿಯವರ ಕೋಣೆಗೆ ಹೋದೆ.

ಮುನವಳ್ಳಿಯವರು ಕೆಟ್ಟವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಒಂಬತ್ತನೇ ದಿನದ ಚಿತ್ರ ಅಂದಮೇಲೆ ಅದು ಅಧ್ಯಯನದ ನಿಯಮಕ್ಕ ಹೊಂದೂದಿಲ್ಲ. ಆ ಕೂಸಿನ್ನ ಪಟ್ಟಿಯಿಂದ ತಗೀಬೇಕಾಗ್ತದ,” ಎಂದರು.

“ಅವಳಿಗೆ ಏನು ಹೇಳಲಿ?”

“ಚಿತ್ರಕ್ಕೂ ಒಂದು ಮಿತಿ ಇರ್ತದ ಅಂತ ಹೇಳ್ರಿ. ಅದು ಸುಳ್ಳೂ ಅಲ್ಲ. ನಮ್ಮ ತಪ್ಪು ಅಂತ ಹೇಳಿ ಏನು ಸಾಧಿಸ್ತೀರಿ? ಹುಡುಗ ನಾಳೆ ಎದ್ದು ನಡೀತಾನೇನು?”

ನಡೆಯುವುದಿಲ್ಲವೆಂದು ನನಗೂ ಗೊತ್ತಿತ್ತು. ಎಂಟು ತಿಂಗಳು ಮೊದಲೇ ಶುರು ಮಾಡಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತೋ ಅದನ್ನೂ ಯಾರೂ ಅಳೆದು ಹೇಳಲಾರರು. ಆದರೆ ನನ್ನ ‘ಸಹಜ’ವೆಂಬ ಪದ ಆ ಫೈಲಿನಲ್ಲಿ ಇರುವ ತನಕ ಕಸ್ತೂರಿ ಕಾಯುತ್ತಲೇ ಇರುವಳು. ಹುಡುಗನಿಗೆ ಕಾಯುವಷ್ಟು ಕಾಲ ಇರಲಿಲ್ಲ. ಆ ಭಾನುವಾರ ಊಟದ ಹೊತ್ತು ಕಳೆದ ಮೇಲೆ ಅವಳ ಮನೆಗೆ ಹೋದೆ.

ಎರಡು ಕೋಣೆಯ ಮನೆ. ಮನೆಗೂ ಟೈಪಿಂಗ್ ಕೆಲಸ ತರುತ್ತಿದ್ದಳೆಂದು ಕಾಣುತ್ತದೆ, ಕಿಟಕಿಯ ಬಳಿ ಸಣ್ಣ ಮೇಜಿನ ಮೇಲೆ ಕನ್ನಡದ ಟೈಪ್‌ರೈಟರ್ ಇತ್ತು. ನಿಂಬೆವ್ವ ಗೋಡೆಗೊರಗಿ ಕುಳಿತು ತೊಡೆಯ ಮೇಲೆ ಹುಡುಗನನ್ನು ಒರಗಿಸಿಕೊಂಡಿದ್ದಳು. ಅವನನ್ನು ನಾನು ಮೊದಲ ಸಲ ನೋಡಿದೆ. ಮೂಗು ಅಷ್ಟೇನೂ ಗುಂಡಗಿರಲಿಲ್ಲ, ತಾಯಿಯದರಂತೆ ನೇರವಾಗಿತ್ತು. ಅದರ ಮೇಲೆ ನನ್ನನ್ನು ಬಿಡದೆ ನೋಡುವ ಎರಡು ಕಣ್ಣು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಕಲಸಿಹೋಯಿತು. “ನಾನು ಚಿತ್ರ ತಪ್ಪು ಓದಿದೆ, ಕಸ್ತೂರಿ. ಅವನ ಮಿದುಳಿಗೆ ಪೆಟ್ಟಾಗಿದೆ,” ಎಂದುಬಿಟ್ಟೆ. ಆಮೇಲೆ ಒಂದೊಂದಾಗಿ ಎಲ್ಲ ಹೇಳಿದೆ, ಹೊಳಪು, ಗೆರೆ, ದಿನ.

ಕಸ್ತೂರಿ ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ. ಕೂಗಾಡಿದ್ದರೂ ನನಗೆ ಹಗುರವಾಗುತ್ತಿತ್ತು. ಅವಳು ಎದ್ದು ಹೋಗಿ ಟೈಪ್‌ರೈಟರಿಗೆ ಹಾಳೆ ಏರಿಸಿದಳು.

“ಆವತ್ತ ಬರದು ಕೊಟ್ಟಿದ್ರಿ,” ಎಂದಳು ನನ್ನ ಕಡೆ ತಿರುಗದೆ. “ಇವತ್ತೂ ಬರದು ಕೊಡ್ರಿ. ನೀವು ಹೇಳ್ರಿ, ನಾ ಹೊಡೀತೀನಿ.”

ಅವಳಿದ್ದದ್ದು ಕೋರ್ಟಿನಲ್ಲಿ. ಅಂಥ ಕಾಗದ ಎಲ್ಲಿಗೆ ಹೋಗಬಹುದೆಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುನವಳ್ಳಿಯವರ ಮುಖ ಕಣ್ಣ ಮುಂದೆ ಬಂತು. ನನ್ನ ನೌಕರಿಯೂ ಬಂತು. ಹೆದರಿಕೆ ಆಯಿತೆಂದು ಹೇಳಿಕೊಳ್ಳಲು ನನಗೀಗ ಸಂಕೋಚವಿಲ್ಲ. ಆದರೂ ಹೇಳಲು ಶುರು ಮಾಡಿದೆ.

ಅವಳ ಬೆರಳು ಓಡುತ್ತಿದ್ದವು. ನಾನು ಇಲಾಖೆಯ ಭಾಷೆಯಲ್ಲಿ ಹೇಳುತ್ತ ಹೋದೆ. “ಚಿತ್ರವನ್ನು ತೆಗೆದ ದಿನಾಂಕವು ಗಮನಕ್ಕೆ ಬಂದಿರುವುದಿಲ್ಲ” ಎಂಬಲ್ಲಿಗೆ ಬಂದಾಗ ಟೈಪ್‌ರೈಟರ್ ನಿಂತಿತು.

“ಪಟ್ಟಿ ಕಿತ್ತ ಮ್ಯಾಲ ತಾರೀಖು ಅಲ್ಲೇ ಇತ್ತಲ್ರಿ?”

“ಇತ್ತು.”

“ಹಂಗಾರ ಗಮನಕ್ಕ ಬಂದಿರುವುದಿಲ್ಲ ಅಂತ ಬ್ಯಾಡ್ರಿ. ಇಂಥಾ ಮಾತು ದಿನಾ ನೂರು ಹೊಡೀತೀನಿ ನಾನು. ‘ನಾನು ನೋಡಲಿಲ್ಲ’ ಅಂತ ಹೇಳ್ರಿ.”

“ನಾನು ನೋಡಲಿಲ್ಲ,” ಎಂದೆ.

ಟೈಪ್‌ರೈಟರ್ ಮತ್ತೆ ಓಡಿತು. ನಿಂಬೆವ್ವ, “ಬರದದ್ದು ಓದು,” ಎಂದಳು. ಕಸ್ತೂರಿ ಗಟ್ಟಿಯಾಗಿ, ಸಾಕ್ಷಿಯ ಹೇಳಿಕೆ ಓದುವ ದನಿಯಲ್ಲಿ ಓದತೊಡಗಿದಳು. ಐದನೆಯ ದಿನ ತೆಗೆಯಬೇಕಾಗಿದ್ದ ಚಿತ್ರವನ್ನು ಒಂಬತ್ತನೆಯ ದಿನ ತೆಗೆಯಲಾಯಿತು ಎಂಬ ಸಾಲು ಮುಗಿಯುವಷ್ಟರಲ್ಲಿ ನಿಂಬೆವ್ವನ ಕೈ ಹುಡುಗನ ತಲೆಯ ಮೇಲೆ ನಿಂತುಬಿಟ್ಟಿತು.

“ನಾನs ತಡದೆ,” ಎಂದಳು. “ಐದೇಶಿ ಅಂತ ನಾನs ಹೋಗಿ ತಡದೆ. ಆವತ್ತ ತಗದಿದ್ರ ತಿಳೀತಿತ್ತು, ಹೌದಿಲ್ರಿ? ಎಪ್ಪತ್ತು ಕೂಸು ಎರದಾಕಿ, ನನ್ನ ಮಗಳ ಕೂಸಿಗೆ ನಾನs ಅಡ್ಡ ಬಂದೆ.”

ಅವಳ ಮುಖ ನೋಡಲಾಗಲಿಲ್ಲ. ಇಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಕೂಸನ್ನು ಸರಿಯಾಗಿ ಕಂಡವಳು ಅವಳೊಬ್ಬಳೇ. ನಾನು ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ. “ಅಜ್ಜಿ, ನೀವು ನಿಮಗೆ ತಿಳಿದದ್ದು ಕೇಳಿದಿರಿ. ದಿನ ಮುಂದೂಡಿದ್ದು ನಾನು. ಅದರಿಂದ ಏನಾಗುತ್ತದೆಂದು ನಿಮಗೆ ಗೊತ್ತಿರಬೇಕಾದ್ದಲ್ಲ, ನನಗೆ ಗೊತ್ತಿರಬೇಕಾದ್ದು. ಆಗುವುದಿಲ್ಲ ಎಂದು ನಿಮಗೆ ಹೇಳಬೇಕಿತ್ತು. ನೀವು ಬೈಯುತ್ತಿದ್ದಿರಿ, ಬೈಸಿಕೊಂಡು ಚಿತ್ರ ತೆಗೆಯಬೇಕಿತ್ತು.”

“ಅದನ್ನೂ ಹಾಕೋಣು,” ಎಂದಳು ಕಸ್ತೂರಿ. “ದಿನ ಮುಂದಕ್ಕ ಹಾಕಿದ್ದು ನನ್ನ ನಿರ್ಧಾರ, ಕೂಸಿನ ಅಜ್ಜಿದು ಯಾವುದೂ ತಪ್ಪಿಲ್ಲ, ಅಂತ. ಹೇಳ್ರಿ, ಹೊಡೀತೀನಿ.”

ಹೇಳಿದೆ. ಅವಳು ಆ ಸಾಲನ್ನು ಹೊಡೆಯುತ್ತ ಹೊಡೆಯುತ್ತಲೇ ಅಳತೊಡಗಿದಳು. ಅಳುತ್ತಲೇ ಪೂರ್ಣವಿರಾಮದ ತನಕ ಹೊಡೆದು, ಹಾಳೆ ಎಳೆದು ನನ್ನ ಮುಂದಿಟ್ಟಳು. ನಾನು ಸಹಿ ಹಾಕಿದೆ. ಆಮೇಲೆ ಅವಳು ಬಂದು ತಾಯಿಯ ಕಾಲ ಬಳಿ ಕುಸಿದು ಕೂತಳು. “ಅವ್ವಾ, ನೀ ಹೇಳಿದ್ದಿ. ನಾ ನಿನಗ ಏನೇನೋ ಅಂದೆ,” ಎಂದಳು. ನಿಂಬೆವ್ವ ಹುಡುಗನನ್ನು ಎತ್ತಿ ಮಗಳ ತೊಡೆಗೆ ದಾಟಿಸಿ, “ಕಾಲು ಬಿಡಸೂದು ಹೆಂಗ ಅಂತ ಆ ಬಾಯಿ ತೋರಿಸಿದ್ಲಲ್ಲ, ನನಗೂ ತೋರಸು. ನೀ ಕೋರ್ಟಿಗೆ ಹೋದಾಗ ನಾ ಮಾಡಸ್ತೀನಿ,” ಎಂದಳು. ನನ್ನನ್ನು ಯಾರೂ ಕ್ಷಮಿಸಿದೆವೆಂದು ಹೇಳಲಿಲ್ಲ. ಚಹಾ ಮಾತ್ರ ಕೊಟ್ಟರು.

ತಿಂಗಳುಗಟ್ಟಲೆ ನಾನು ಕೋರ್ಟಿನ ನೋಟೀಸಿಗಾಗಿ ಕಾದೆ, ಬರಲಿಲ್ಲ. ಆ ಕಾಗದದಿಂದ ಕಸ್ತೂರಿ ಮಾಡಿಸಿಕೊಂಡದ್ದು ಒಂದೇ ಕೆಲಸ. ಕೂಸನ್ನು ಯಾಕೆ ಅಳಿಸುತ್ತೀ ಎಂದ ಗಂಡನಿಗೆ, ಅತ್ತೆಗೆ, ಓಣಿಯವರಿಗೆ ಅದನ್ನು ಓದಿ ಹೇಳಿ ಬಾಯಿ ಮುಚ್ಚಿಸಿದಳಂತೆ. ಫಿಲೋಮಿನಾ ವಾರಕ್ಕೆ ಮೂರು ದಿನ ಅವರ ಮನೆಗೆ ಹೋದಳು. ನಾನೂ ಆಗಾಗ ಹೋಗುತ್ತಿದ್ದೆ. ಹೋಗದಿದ್ದರೆ ನಿಂಬೆವ್ವ ಹೇಳಿಕಳಿಸುತ್ತಿದ್ದಳು. ಚಿದಾನಂದ ಎರಡೂವರೆ ವರ್ಷಕ್ಕೆ ಗೋಡೆಗೊರಗಿ ಕೂತ. ಐದಕ್ಕೆ, ನಾಲ್ಕು ಕಾಲಿನ ಊರುಗೋಲು ಹಿಡಿದು ಅಂಗಳ ದಾಟಿದ. ಮಾತು ಬಂತು, ತೀರ ನಿಧಾನವಾಗಿ. ಒಂದು ಶಬ್ದ ಹೊರಬೀಳುವಷ್ಟರಲ್ಲಿ ಅವನ ಇಡೀ ಮೈ ಅದಕ್ಕಾಗಿ ದುಡಿಯುತ್ತಿತ್ತು. ಆದರೆ ಆಡಿದ ಮಾತೊಂದೂ ಪೊಳ್ಳಾಗಿರುತ್ತಿರಲಿಲ್ಲ.

ನಮ್ಮ ಅಧ್ಯಯನವೂ ಮುಗಿಯಿತು. ಐದನೆಯ ದಿನದ ಚಿತ್ರಗಳು ಹೆಚ್ಚಿನ ಮಕ್ಕಳ ಮುಂದಿನದನ್ನು ಸರಿಯಾಗಿಯೇ ತಿಳಿಸಿದ್ದವು. ಮುನವಳ್ಳಿಯವರಿಗೆ ಒಳ್ಳೆಯ ಹೆಸರು ಬಂತು. ಅದು ಅವರಿಗೆ ಸಲ್ಲಬೇಕಾದ್ದೇ. ಚಿದಾನಂದ ಆ ಎಣಿಕೆಯಲ್ಲಿ ಇಲ್ಲ.

ಅವನಿಗೆ ಏಳು ವರ್ಷವಿದ್ದಾಗ ಒಂದು ಸಲ ಫಿಟ್ಸ್ ಬಂತೆಂದು ಮತ್ತೆ ಚಿತ್ರ ತೆಗೆಸಲು ಹೇಳಿದರು. ಕಸ್ತೂರಿ ಬೇರೆ ಕಡೆ ಹೋಗಬಹುದಿತ್ತು, ಊರಿನಲ್ಲಿ ಆ ಹೊತ್ತಿಗೆ ಇನ್ನೆರಡು ಯಂತ್ರ ಬಂದಿದ್ದವು. ಅವಳು ನನ್ನ ಬಳಿಗೇ ಕರೆತಂದಳು. “ನೀವs ನೋಡ್ರಿ,” ಎಂದಳು. “ತಾರೀಖು ನೋಡಿ ಆಮ್ಯಾಲ ಚಿತ್ರ ನೋಡ್ರಿ.” ಹೇಳಿ ನಕ್ಕಳು. ಆ ನಗೆಗಾಗಿ ನಾನು ಆರು ವರ್ಷ ಕಾದಿದ್ದೆ ಎಂದು ಆಗ ತಿಳಿಯಿತು.

ಈ ಸಲ ಅವನನ್ನು ಸುತ್ತುವ ಹಾಗಿರಲಿಲ್ಲ. ತನ್ನನ್ನು ಯಾರೂ ಹಿಡಿಯಬಾರದೆಂದು ಹಟ ಹಿಡಿದು, ತಾನೇ ಏರಿ ಮಲಗಿದ. ಎಲ್ಲ ಮುಗಿದ ಮೇಲೆ ಊರುಗೋಲನ್ನು ನೆಲಕ್ಕೆ ಕುಟ್ಟುತ್ತ ಗಾಜಿನ ಈಚೆಗೆ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಕಸ್ತೂರಿ ಹೊರಗೆ ಕಾಗದಪತ್ರ ತುಂಬುತ್ತಿದ್ದಳು. ಪರದೆಯ ಮೇಲೆ ಅವನ ಮಿದುಳಿನ ಪದರಗಳು ಒಂದಾದ ಮೇಲೊಂದು ಬರುತ್ತಿದ್ದವು. ಆಳದ ಆ ಭಾಗ ಕುಗ್ಗಿ ಗಾಯದ ಕಲೆಯಾಗಿತ್ತು. ಉಳಿದದ್ದೆಲ್ಲ ಚೆನ್ನಾಗಿ ಬೆಳೆದಿತ್ತು. ಎರಡೆರಡು ಸಲ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದೆ. ಈ ಸಲ ಯಾವುದೂ ತಪ್ಪಿಹೋಗಬಾರದೆಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

“ಇದು ನಂದಾ?” ಎಂದ ಅವನು. ಆ ಮಾತು ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕಾದೆ.

“ಹೌದು, ನಿನ್ನದೇ.”

ಅವನು ಪರದೆಯನ್ನು ಹುಬ್ಬು ಗಂಟಿಕ್ಕಿ ನೋಡಿದ. ಒಂದೊಂದು ಮೂಲೆಯನ್ನೂ ಹುಡುಕಿದ.

“ಇದರಾಗ ನಾ ಎಲ್ಲಿ ಅದೀನಿ?”

ಬಲಗಡೆ ಇದು, ಎಡಗಡೆ ಇದು, ಇಲ್ಲಿ ಪೆಟ್ಟು ಬಿದ್ದದ್ದು ಎಂದು ಬೆರಳಿಟ್ಟು ತೋರಿಸಲು ನನ್ನ ಕೈ ಅಭ್ಯಾಸದಿಂದ ಮೇಲೆದ್ದಿತ್ತು. ಅದನ್ನು ಕೆಳಗಿಳಿಸಿದೆ.

“ಇದರಲ್ಲಿ ನೀನು ಇಲ್ಲಪ್ಪಾ,” ಎಂದೆ.

ಅವನು ನನ್ನ ಉತ್ತರವನ್ನು ಬಾಯಲ್ಲಿಟ್ಟು ಚೀಪುವವನಂತೆ ಯೋಚಿಸಿದ. ಆಮೇಲೆ ಹೆಗಲು ಸೆಟೆಸಿ, ಕತ್ತು ಓರೆ ಮಾಡಿ, ಮುಂದಿನ ಮಾತನ್ನು ಒಂದೊಂದೇ ತುಣುಕಾಗಿ ಹೊರಗೆ ತಂದ.

“ಮತ್ತ ಇಷ್ಟೊತ್ತು ಅದನ್ನ ಯಾಕ ನೋಡಾಕತ್ತೀರಿ?”

ನಾನು ಕುರ್ಚಿ ತಿರುಗಿಸಿ ಅವನ ಕಡೆ ನೋಡಿದೆ. ಆಡಿ ಮುಗಿಸಿದ ದಣಿವಿಗೆ ಹಣೆ ಬೆವೆತಿತ್ತು, ಗೆದ್ದ ಖುಷಿಗೆ ಬಾಯಿ ಅಗಲವಾಗಿ ತೆರೆದಿತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಒಂದರ ಜಾಗದಲ್ಲಿ ಹೊಸ ಹಲ್ಲಿನ ತುದಿ ಆಗಲೇ ಬೆಳ್ಳಗೆ ಕಾಣುತ್ತಿತ್ತು.